ಕೈಗೆ ಕಲಿಸುವ ಶಾಲೆ

‘ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ’ ಎಂಬುದು ಕನ್ನಡಿಗರೆಲ್ಲರೂ ಬಲ್ಲ ಗಾದೆ. ಲೋಕದ ವಿಪರ್ಯಾಸವನ್ನು ಸೂಚಿಸಲು ಹುಟ್ಟಿದ ಈ ಮಾತು ಬೀದರ ಸೀಮೆಯಲ್ಲಿ ಅಕ್ಷರಶಃ ನಿಜವಾಗಿ ತೋರುವುದುಂಟು. ಭಾಲ್ಕಿ ಮತ್ತು ಔರಾದ ತಾಲೂಕುಗಳ ಕಪ್ಪು ನೆಲ ಕಡಲೆ, ತೊಗರಿ, ಜೋಳಗಳನ್ನು ಬೆಳೆಯುವ ನೆಲ. ಜೋಳದ ರೊಟ್ಟಿ ಅಲ್ಲಿಯ ಜನರ ನಿತ್ಯದ ಆಹಾರ. ಆದರೆ ಆ ಕಡಲೆಯನ್ನು ಬಿತ್ತಿ ಬೆಳೆದ ಎಷ್ಟೋ ಮಂದಿ ವೃದ್ಧರು ಅದನ್ನು ಅಗಿಯಲಾರರು. ರೊಟ್ಟಿಯನ್ನು ಸಾರಿನಲ್ಲಿ ನೆನೆಯಿಟ್ಟು ನುಂಗುವುದೇ ಅವರಿಗೆ ಗತಿಯಾಗಿದೆ. ಹಲ್ಲು ಅಲಂಕಾರದ ವಸ್ತುವಲ್ಲ. ಅದು ಅನ್ನದ ಹೆಬ್ಬಾಗಿಲು. ಆ ಬಾಗಿಲನ್ನು ಕಾಯುವ ದಂತವೈದ್ಯನ ವಿದ್ಯೆ ಸಮರ್ಪಕವಾಗಿರಬೇಕೆಂಬುದು ನಿರ್ವಿವಾದ. ಆ ವಿದ್ಯೆ ಎಲ್ಲಿ, ಹೇಗೆ ದೊರೆಯುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪ್ರೌಢಶಾಲೆಯನ್ನು ಮುಗಿಸಿ, ವಿಜ್ಞಾನವನ್ನು ಓದಿ, ದಂತವೈದ್ಯರಾಗಬೇಕೆಂದು ಬಯಸುವ ತರುಣ ತರುಣಿಯರು ಬೀದರ ಜಿಲ್ಲೆಯಲ್ಲಿಯೂ ಅನೇಕರಿದ್ದಾರೆ. ಇಂದು ಅವರ ಮುಂದಿರುವ ದಾರಿಗಳು ಹಲವು. ಬೀದರ ನಗರದಲ್ಲಿ ಎಸ್. ಬಿ. ಪಾಟೀಲ ದಂತ ವೈದ್ಯಕೀಯ ಕಾಲೇಜು ಇದೆ. ಕಲಬುರಗಿಯಲ್ಲಿ ದಂತ ಕಾಲೇಜುಗಳಿವೆ. ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ಕಾಲೇಜೂ ಅದರೊಂದಿಗೆ ಅನೇಕ ಖಾಸಗಿ ಕಾಲೇಜುಗಳೂ ಇವೆ. ರಾಷ್ಟ್ರಮಟ್ಟದ ‘ನೀಟ್’ ಪರೀಕ್ಷೆಯಲ್ಲಿ ದೊರೆತ ಸ್ಥಾನವನ್ನು ಅನುಸರಿಸಿ ವಿದ್ಯಾರ್ಥಿಗಳು ಈ ಕಾಲೇಜುಗಳನ್ನು ತಮಗೆ ಇಷ್ಟವಾದ ಕ್ರಮದಲ್ಲಿ ಬರೆದುಕೊಡಬೇಕಾಗುತ್ತದೆ. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಬಂದ 371ನೆಯ ಜೆ ವಿಧಿಯು ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದಲ್ಲಿ ಮೀಸಲು ಸ್ಥಾನಗಳನ್ನು ಒದಗಿಸಿದ ಮೇಲೆ ಈ ಆಯ್ಕೆಗೆ ಇನ್ನಷ್ಟು ಅವಕಾಶ ದೊರೆತಿದೆ.

ಅವಕಾಶ ಹೆಚ್ಚಿದಷ್ಟೂ ವಿವೇಕದ ಅಗತ್ಯವೂ ಹೆಚ್ಚುತ್ತದೆ. ಸಾಮಾನ್ಯವಾಗಿ ತಂದೆತಾಯಿಗಳು ನೋಡುವ ಅಂಶಗಳು ನಾಲ್ಕೈದು ಮಾತ್ರ: ಕಾಲೇಜಿನ ಹೆಸರು, ಕಟ್ಟಡದ ಭವ್ಯತೆ, ಶುಲ್ಕ, ಊರಿನಿಂದ ಇರುವ ದೂರ, ನಗರದ ಆಕರ್ಷಣೆ. ಇವು ಯಾವುವೂ ತಳ್ಳಿಹಾಕತಕ್ಕ ಅಂಶಗಳಲ್ಲ. ಆದರೆ ಇವೆಲ್ಲಕ್ಕಿಂತಲೂ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಕೇಳುವವರು ವಿರಳ. ಆ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ಪದವಿ ಪಡೆಯುವ ಮುನ್ನ ಎಷ್ಟು ಮಂದಿ ರೋಗಿಗಳಿಗೆ, ಯಾವ ಯಾವ ಬಗೆಯ ಚಿಕಿತ್ಸೆಯನ್ನು, ಗುರುವಿನ ಕಣ್ಣೆದುರಿನಲ್ಲಿ, ಮೊದಲಿನಿಂದ ಕೊನೆಯವರೆಗೆ ತನ್ನ ಕೈಯಿಂದಲೇ ಮಾಡುತ್ತಾನೆ? ದಂತ ವಿದ್ಯಾಲಯದ ಬೆಲೆಯನ್ನು ಕಟ್ಟುವ ಒರೆಗಲ್ಲು ಇದೇ.

ಹಲಗೆಯನ್ನು ನೋಡಿ ಶಾಲೆಯ ಬೆಲೆ ಕಟ್ಟಬಾರದು ಎಂಬುದಕ್ಕೆ ಬೀದರ ಜಿಲ್ಲೆಯ ಇತಿಹಾಸದಲ್ಲಿಯೇ ಒಂದು ನಿದರ್ಶನವುಂಟು. ನಿಜಾಮರ ಆಳ್ವಿಕೆಯ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಹೊರಗಿನ ಹಲಗೆಯನ್ನಷ್ಟೇ ಓದಿ ಮುಂದೆ ನಡೆದವರಿಗೆ ಒಳಗಿನ ಪಾಠ ಯಾವುದೆಂದು ತಿಳಿಯುವಂತಿರಲಿಲ್ಲ. ಅಲ್ಲಿ ಕಾಲದ ಒತ್ತಡದಿಂದಾಗಿ ಹಲಗೆಗಿಂತ ಪಾಠ ದೊಡ್ಡದಾಗಿತ್ತು. ಲೋಕದಲ್ಲಿ ಇದಕ್ಕೆ ವಿಪರೀತವಾಗಿ ಪಾಠಕ್ಕಿಂತ ಹಲಗೆಯೇ ದೊಡ್ಡದಾಗಿರುವ ಶಾಲೆಗಳೂ ಇರಬಹುದು. ಎರಡು ಸಂದರ್ಭಗಳಲ್ಲಿಯೂ ಒಳಹೊಕ್ಕು ನೋಡಿದವನಿಗೇ ಸತ್ಯ ತಿಳಿಯುವುದು.

ದಂತವೈದ್ಯ ಪದವಿಯ ವ್ಯಾಸಂಗ ನಾಲ್ಕು ವರ್ಷಗಳ ಅಭ್ಯಾಸ, ಒಂದು ವರ್ಷದ ಆಸ್ಪತ್ರೆಯ ತರಬೇತಿ ಎಂದು ಐದು ವರ್ಷಗಳ ಕ್ರಮದಲ್ಲಿ ನಡೆದುಬಂದಿದೆ. ಮೊದಲಿನ ಎರಡು ವರ್ಷಗಳಲ್ಲಿ ವಿದ್ಯಾರ್ಥಿ ಶರೀರರಚನೆಯನ್ನೂ ಔಷಧಗಳ ಗುಣವನ್ನೂ ಓದುತ್ತಾನೆ. ಮೇಣದಲ್ಲಿ ಹಲ್ಲನ್ನು ಕೆತ್ತುತ್ತಾನೆ. ಅಚ್ಚಿನ ದವಡೆಯಲ್ಲಿ ಕೂರಿಸಿದ ಹಲ್ಲುಗಳನ್ನು ಕೊರೆದು ತುಂಬಲು ಕಲಿಯುತ್ತಾನೆ. ಮೂರನೆಯ ವರ್ಷದಲ್ಲಿ ಅವನ ಮುಂದೆ ಮೊದಲ ಬಾರಿಗೆ ಒಬ್ಬ ಮನುಷ್ಯ ಬಾಯಿ ತೆರೆದು ಕುಳಿತುಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಅವನ ಪಾಠ ಪುಸ್ತಕದ ಪುಟದಿಂದ ರೋಗಿಯ ಕುರ್ಚಿಗೆ ಬರುತ್ತದೆ.

ಈ ಕ್ರಮ ಹೊಸತೇನೂ ಅಲ್ಲ. ಪ್ರಾಚೀನ ಭಾರತದ ಶಸ್ತ್ರವೈದ್ಯನಾದ ಸುಶ್ರುತನ ಸಂಹಿತೆಯಲ್ಲಿ ಕೈಯ ಅಭ್ಯಾಸಕ್ಕಾಗಿಯೇ ಒಂದು ಅಧ್ಯಾಯ ಮೀಸಲಾಗಿದೆ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ ಕಲಿಯಬೇಕು. ಕೀಳುವುದನ್ನು ಹಲಸು, ತೊಂಡೆ, ಬಿಲ್ವ ಫಲಗಳ ತಿರುಳಿನಲ್ಲಿ ಮತ್ತು ಸತ್ತ ಪ್ರಾಣಿಗಳ ಹಲ್ಲುಗಳಲ್ಲಿ ಕಲಿಯಬೇಕು ಎಂಬುದು ಅಲ್ಲಿಯ ವಿಧಿ. ಎಷ್ಟೇ ಶಾಸ್ತ್ರವನ್ನು ಕೇಳಿ ಬಲ್ಲವನಾದರೂ ಕೈಯ ಅಭ್ಯಾಸವಿಲ್ಲದವನು ಚಿಕಿತ್ಸೆಗೆ ಅರ್ಹನಲ್ಲ ಎಂಬುದು ಅದರ ತೀರ್ಮಾನ. ಇಂದಿನ ಮೇಣದ ಹಲ್ಲು, ಅಚ್ಚಿನ ದವಡೆಗಳು ಆ ಕುಂಬಳ ಸೋರೆಗಳ ಆಧುನಿಕ ರೂಪಗಳಷ್ಟೆ. ಅವು ಅವಶ್ಯವಾದ ಮೊದಲ ಮೆಟ್ಟಿಲು. ಆದರೆ ಮೊದಲ ಮೆಟ್ಟಿಲೇ ಮಹಡಿಯಲ್ಲ.

ಅಚ್ಚಿನ ದವಡೆಗೆ ನಾಲಗೆಯಿಲ್ಲ, ಜೊಲ್ಲಿಲ್ಲ, ಭಯವಿಲ್ಲ. ಅದು ಕೊರೆಯುವಾಗ ಬೆಚ್ಚಿ ತಲೆಯನ್ನು ಹಿಂದಕ್ಕೆಳೆಯುವುದಿಲ್ಲ. ಅದಕ್ಕೆ ಸಕ್ಕರೆ ಕಾಯಿಲೆಯಾಗಲಿ ರಕ್ತದ ಒತ್ತಡವಾಗಲಿ ಇರುವುದಿಲ್ಲ. ಜೀವಂತ ಮನುಷ್ಯನ ಬಾಯಿಯಲ್ಲಿ ಇವೆಲ್ಲವೂ ಇರುತ್ತವೆ. ಕೆಳದವಡೆಯ ನರವನ್ನು ಜಡಗೊಳಿಸುವ ಸೂಜಿಮದ್ದನ್ನು ಎಲ್ಲಿ, ಎಷ್ಟು ಆಳಕ್ಕೆ ಕೊಡಬೇಕೆಂಬುದನ್ನು ಪುಸ್ತಕ ಚಿತ್ರಸಹಿತವಾಗಿ ವಿವರಿಸುತ್ತದೆ. ಆದರೆ ಪ್ರತಿಯೊಬ್ಬರ ದವಡೆಯ ಅಗಲವೂ ಓರೆಯೂ ಬೇರೆ. ಮೇಲ್ದವಡೆಯ ದೊಡ್ಡ ಹಲ್ಲಿನ ಬೇರುಗಳಲ್ಲಿ ಸಾಮಾನ್ಯವಾಗಿ ಕಾಣುವ ಮೂರು ನಾಳಗಳಲ್ಲದೆ ನಾಲ್ಕನೆಯದೊಂದು ಅಡಗಿರುವುದುಂಟು. ಅದನ್ನು ಹುಡುಕಿ ಸ್ವಚ್ಛಗೊಳಿಸದಿದ್ದರೆ ಮಾಡಿದ ಚಿಕಿತ್ಸೆ ವ್ಯರ್ಥವಾಗಬಹುದು. ಹಲವು ಹಲ್ಲುಗಳಲ್ಲಿ ಅದನ್ನು ಹುಡುಕಿದ ಬೆರಳುಗಳಿಗೆ ಮಾತ್ರ ಅದರ ಸುಳಿವು ಸಿಕ್ಕುತ್ತದೆ. ನೀರಿಗಿಳಿಯದೆ ಈಜು ಬಾರದೆಂಬ ಮಾತು ಇಲ್ಲಿ ಪೂರ್ಣವಾಗಿ ಅನ್ವಯಿಸುತ್ತದೆ.

ರೋಗಿಯು ಕಲಿಸುವ ಇನ್ನೊಂದು ಪಾಠ ಆಲಿಸುವಿಕೆ. ತಣ್ಣೀರು ತಾಗಿದೊಡನೆ ಜುಮ್ಮೆಂದು ಕ್ಷಣದಲ್ಲಿ ಅಡಗುವ ನೋವು ಬೇರೆ. ರಾತ್ರಿ ಮಲಗಿದಾಗ ತಾನಾಗಿಯೇ ಹುಟ್ಟಿ ನಾಡಿಯಂತೆ ಮಿಡಿಯುವ ನೋವು ಬೇರೆ. ರೊಟ್ಟಿಯನ್ನು ಕಡಿದಾಗ ಮಾತ್ರ ಚುಚ್ಚುವ ನೋವು ಬೇರೆ. ಮೊದಲನೆಯದರಲ್ಲಿ ಹಲ್ಲಿನ ಒಳತಿರುಳು ಇನ್ನೂ ಉಳಿಯುವ ಸ್ಥಿತಿಯಲ್ಲಿರುವುದು ಸಾಮಾನ್ಯ. ಎರಡನೆಯದು ತಿರುಳು ಕೈಮೀರಿ ಹೋಗಿರುವ ಲಕ್ಷಣ. ಮೂರನೆಯದು ಬಿರುಕನ್ನೋ ಬೇರಿನ ತುದಿಯ ಉರಿಯೂತವನ್ನೋ ಸೂಚಿಸಬಹುದು. ಬೀದರಿನಂಥ ಊರಿನಲ್ಲಿ ಈ ನೋವು ಒಂದೇ ಭಾಷೆಯಲ್ಲಿ ಮಾತನಾಡುವುದಿಲ್ಲ. ಕನ್ನಡ, ಉರ್ದು, ಮರಾಠಿ, ತೆಲುಗುಗಳು ಬೆರೆತ ಗಡಿನಾಡು ಅದು. ಔರಾದ ಕಡೆಯ ಮರಾಠಿ ಮಾತಿನ ಹೆಣ್ಣುಮಗಳು ‘ದಾತ ಠಣಕತೋ’ ಎಂದಾಗ, ನಗರದ ಹಿರಿಯನೊಬ್ಬ ‘ಟೀಸ್’ ಏಳುತ್ತದೆ ಎಂದಾಗ, ಅವರಿಬ್ಬರೂ ಯಾವ ನೋವನ್ನು ಹೇಳುತ್ತಿದ್ದಾರೆಂಬುದು ಪಠ್ಯಪುಸ್ತಕದಲ್ಲಿ ಸಿಕ್ಕುವುದಿಲ್ಲ. ಅದನ್ನು ರೋಗಿಗಳೇ ಕಲಿಸಬೇಕು.

ಅಂತೆಯೇ ಕಣ್ಣಿನ ಪಾಠವೂ ಉಂಟು. ತಂಬಾಕು, ಗುಟ್ಕಾಗಳನ್ನು ಅಗಿಯುವವರ ಕೆನ್ನೆಯ ಒಳಮೈಯಲ್ಲಿ ಬಿಳಿಯ ಮಚ್ಚೆ ಮೂಡುವುದುಂಟು; ಅಡಕೆ, ಗುಟ್ಕಾಗಳ ಚಟದಿಂದ ಬಾಯಿ ಕ್ರಮೇಣ ಬಿಗಿದು ತೆರೆಯದಂತಾಗುವುದುಂಟು. ಇವು ಮುಂದೆ ಅರ್ಬುದರೋಗಕ್ಕೆ ತಿರುಗಬಹುದಾದ ಚಿಹ್ನೆಗಳು. ಹಲ್ಲು ನೋವೆಂದು ಬಂದವನ ಬಾಯಿಯಲ್ಲಿ ಈ ಮಚ್ಚೆಯನ್ನು ಗುರುತಿಸಿ ಸಕಾಲದಲ್ಲಿ ಎಚ್ಚರಿಸಿದ ವೈದ್ಯ ಹಲ್ಲನ್ನಷ್ಟೇ ಅಲ್ಲ, ಪ್ರಾಣವನ್ನೂ ಉಳಿಸಬಲ್ಲ. ಆದರೆ ನೂರಾರು ಬಾಯಿಗಳನ್ನು ಎಚ್ಚರದಿಂದ ನೋಡದ ಕಣ್ಣಿಗೆ ಅದು ಮಚ್ಚೆಯಾಗಿ ಕಾಣುವುದೇ ಇಲ್ಲ.

ದಂತ ವಿದ್ಯಾಲಯಕ್ಕೂ ಆಸ್ಪತ್ರೆಗೂ ಇರುವ ಈ ಅಭೇದ್ಯ ಸಂಬಂಧವನ್ನು ಭಾರತದಲ್ಲಿ ಮೊದಲು ನೆಲೆಗೊಳಿಸಿದವರು ಡಾ. ರಫೀಉದ್ದೀನ್ ಅಹಮದರು. ಅಮೆರಿಕದ ಅಯೋವಾದಲ್ಲಿ ದಂತವೈದ್ಯವನ್ನು ಕಲಿತು ಸ್ವದೇಶಕ್ಕೆ ಹಿಂದಿರುಗಿದ ಅವರು 1920ರಲ್ಲಿ ಕಲ್ಕತ್ತದಲ್ಲಿ ದೇಶದ ಪ್ರಥಮ ದಂತ ಕಾಲೇಜನ್ನು ಸ್ಥಾಪಿಸಿದರು. ಅವರ ಹೆಸರನ್ನು ಹೊತ್ತ ಆ ಸಂಸ್ಥೆ ಇಂದಿಗೂ ಬರಿಯ ಕಾಲೇಜಲ್ಲ, ‘ಕಾಲೇಜು ಮತ್ತು ಆಸ್ಪತ್ರೆ’. ಈ ಎರಡು ಪದಗಳನ್ನು ಜೋಡಿಸುವ ‘ಮತ್ತು’ ಎಂಬ ಅವ್ಯಯದಲ್ಲಿಯೇ ದಂತವೈದ್ಯ ಶಿಕ್ಷಣದ ತತ್ತ್ವವೆಲ್ಲ ಅಡಗಿದೆ.

ಹಾಗಾದರೆ ರೋಗಿಗಳ ಸಂಖ್ಯೆ ಎಲ್ಲಿ ಅತ್ಯಧಿಕವೋ ಆ ಕಾಲೇಜೇ ಶ್ರೇಷ್ಠವೆಂದು ತೀರ್ಮಾನಿಸಬಹುದೇ? ಹಾಗೆ ಆತುರಪಡುವುದೂ ತಪ್ಪು. ಮೊದಲನೆಯದಾಗಿ, ರೋಗಿಗಳ ಸಂಖ್ಯೆಯನ್ನು ವಿದ್ಯಾರ್ಥಿಗಳ ಸಂಖ್ಯೆಯೊಡನೆ ತೂಗಿ ನೋಡಬೇಕು. ಉದಾಹರಣೆಗೆ, ಒಂದು ಕಾಲೇಜಿಗೆ ದಿನಕ್ಕೆ 200 ರೋಗಿಗಳು ಬರುವರೆಂದೂ ಅಲ್ಲಿ ಚಿಕಿತ್ಸೆ ಮಾಡಬೇಕಾದ ವಿದ್ಯಾರ್ಥಿಗಳು 300 ಮಂದಿಯೆಂದೂ ಭಾವಿಸೋಣ. ಮತ್ತೊಂದು ಕಾಲೇಜಿಗೆ ಬರುವ ರೋಗಿಗಳು 150, ವಿದ್ಯಾರ್ಥಿಗಳು 120 ಮಂದಿ. ಹೊರಗಿನಿಂದ ನೋಡುವವನಿಗೆ ಮೊದಲನೆಯದೇ ಗಿಜಿಗುಟ್ಟುವಂತೆ ಕಾಣುತ್ತದೆ. ಆದರೆ ಅಲ್ಲಿ ಇಬ್ಬರು ರೋಗಿಗಳನ್ನು ಮೂವರು ವಿದ್ಯಾರ್ಥಿಗಳು ಹಂಚಿಕೊಳ್ಳಬೇಕು. ಎರಡನೆಯ ಕಡೆ ನಾಲ್ವರು ವಿದ್ಯಾರ್ಥಿಗಳಿಗೆ ಐವರು ರೋಗಿಗಳು ದೊರೆಯುತ್ತಾರೆ. ಮಹಾನಗರಗಳಲ್ಲಿ ಹತ್ತಾರು ದಂತ ಕಾಲೇಜುಗಳೂ ಬೀದಿಗೊಂದು ಖಾಸಗಿ ಚಿಕಿತ್ಸಾಲಯವೂ ಇರುವುದರಿಂದ ರೋಗಿಗಳು ಹಂಚಿಹೋಗುವುದು ಸಹಜ.

ಎರಡನೆಯದಾಗಿ, ರೋಗಿಗಳು ಯಾವ ಚಿಕಿತ್ಸೆಗೆ ಬರುತ್ತಾರೆಂಬುದು ಮುಖ್ಯ. ಬೀದರಿಗೆ ಭಾಲ್ಕಿ ಸುಮಾರು 40 ಕಿಲೋಮೀಟರು; ಔರಾದವೂ ಹೆಚ್ಚುಕಡಿಮೆ ಅಷ್ಟೇ ದೂರ. ಭಾಲ್ಕಿಯವರಿಗೆ ರೈಲಾದರೂ ಉಂಟು. ಔರಾದ ಪಟ್ಟಣದವರಿಗೆ ಬಸ್ಸೇ ಆಧಾರ. ಔರಾದ ತಾಲೂಕಿನ ಕೂಲಿಕಾರನೊಬ್ಬ ನಗರಕ್ಕೆ ಬಂದನೆಂದರೆ ಬಸ್ಸಿನ ದುಡ್ಡಿನ ಜೊತೆಗೆ ಅಂದಿನ ಕೂಲಿಯೂ ಹೋಯಿತೆಂದೇ ಅರ್ಥ. ಹಲ್ಲಿನ ಬೇರುನಾಳದ ಚಿಕಿತ್ಸೆಗೆ ಆತ ಹಲವು ಸಲ ಬರಬೇಕಾಗಬಹುದು; ಪೂರ್ಣ ಕೃತಕ ದಂತಪಂಕ್ತಿಗೆ ಅಳತೆ, ಕಚ್ಚುವಿಕೆಯ ಪರೀಕ್ಷೆ, ಮೇಣದ ಜೋಡಣೆ ಎಂದು ಸುಮಾರು ಐದು ಭೇಟಿಗಳು ಬೇಕು. ಆದುದರಿಂದ ಆತ ‘ಕಿತ್ತುಬಿಡಿ, ಒಂದೇ ಸಲಕ್ಕೆ ಮುಗಿಯಲಿ’ ಎನ್ನುತ್ತಾನೆ. ಬಿತ್ತನೆಯ ಕಾಲದಲ್ಲಿಯೂ ಸುಗ್ಗಿಯ ಕಾಲದಲ್ಲಿಯೂ ಆತ ನೋವನ್ನು ನುಂಗಿಕೊಂಡು ಊರಿನಲ್ಲಿಯೇ ಉಳಿಯುತ್ತಾನೆ. ಇಂಥ ರೋಗಿಗಳಷ್ಟೇ ಬರುವ ಕಡೆ ವಿದ್ಯಾರ್ಥಿ ಹಲ್ಲು ಕೀಳುವುದರಲ್ಲಿ ನಿಪುಣನಾಗುತ್ತಾನೆ. ಹಲ್ಲು ಉಳಿಸುವುದನ್ನು ಮಾತ್ರ ಕಲಿಯದೆ ಹೋಗುತ್ತಾನೆ. ಕೀಳುವ ಕೈಗಿಂತ ಉಳಿಸುವ ಕೈ ದೊಡ್ಡದೆಂಬುದನ್ನು ವಿವರಿಸಬೇಕಾಗಿಲ್ಲ.

ಒಳ್ಳೆಯ ಕಾಲೇಜು ಈ ಕಷ್ಟಕ್ಕೆ ಪರಿಹಾರವನ್ನು ಹುಡುಕುತ್ತದೆ. ಹಳ್ಳಿಗಳಲ್ಲಿ ಶಿಬಿರಗಳನ್ನು ನಡೆಸುತ್ತದೆ. ಶಿಬಿರದಲ್ಲಿ ಗುರುತಿಸಿದವರನ್ನು ಪಟ್ಟಿಯಲ್ಲಿ ಬರೆದಿಡುವುದರೊಂದಿಗೆ ತೃಪ್ತಿಪಡದೆ ವಾಹನದಲ್ಲಿ ಕರೆತಂದು ಚಿಕಿತ್ಸೆಯನ್ನು ಮುಗಿಸಿ ಕಳುಹಿಸುತ್ತದೆ. ಒಂದೇ ದಿನ ಎರಡು ಹಂತಗಳನ್ನು ಪೂರೈಸಿ ರೋಗಿಯ ಓಡಾಟವನ್ನು ತಗ್ಗಿಸುತ್ತದೆ. ಅಲ್ಲಿಯ ವಿದ್ಯಾರ್ಥಿ ಹಲ್ಲಿನ ಚಿಕಿತ್ಸೆಯೊಡನೆ ಜನರ ಜೀವನವನ್ನೂ ಅರಿಯುತ್ತಾನೆ. ಒಬ್ಬ ರೋಗಿಯನ್ನು ಆರಂಭದಿಂದ ಅಂತ್ಯದವರೆಗೆ ನೋಡಿಕೊಂಡವನಿಗೆ ತನ್ನ ಕೆಲಸದ ಗುಣವೂ ದೋಷವೂ ತಿಳಿಯುತ್ತವೆ. ಹತ್ತು ಮಂದಿಯ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವನಿಗೆ ಎರಡೂ ತಿಳಿಯುವುದಿಲ್ಲ.

ಮೂರನೆಯದಾಗಿ, ಗುರುವಿನ ಸಾನ್ನಿಧ್ಯ. ರೋಗಿಗಳು ಧಾರಾಳವಾಗಿ ಬಂದರೂ ಪಕ್ಕದಲ್ಲಿ ನಿಂತು ನೋಡಿ, ತಪ್ಪನ್ನು ತಡೆದು, ತಿದ್ದುವ ಅಧ್ಯಾಪಕರಿಲ್ಲದಿದ್ದರೆ ಅಭ್ಯಾಸವು ದುರಭ್ಯಾಸವಾಗುತ್ತದೆ. ತಪ್ಪು ರೀತಿಯಲ್ಲಿ ನೂರು ಸಲ ಮಾಡಿದ ಕೆಲಸ ನೂರು ಪಟ್ಟು ಗಟ್ಟಿಯಾದ ತಪ್ಪು. ಮನುಷ್ಯನ ತಲೆಯನ್ನು ಹೋಲುವ ಯಂತ್ರಗಳೂ ಗಣಕದ ಪರದೆಯ ಮೇಲಿನ ಅಭ್ಯಾಸಗಳೂ ಇಂದು ಬಂದಿರುವಾಗ ರೋಗಿಗಳ ಸಂಖ್ಯೆಗೆ ಇಷ್ಟು ಮಹತ್ತ್ವವೇಕೆ ಎಂದು ಕೇಳುವವರಿದ್ದಾರೆ. ಆ ಸಾಧನಗಳಿಂದ ಪ್ರಯೋಜನವಿದೆ. ಮೊದಲ ತಪ್ಪುಗಳನ್ನು ಯಂತ್ರದ ಮೇಲೆ ಮಾಡಿ ಮುಗಿಸುವುದು ರೋಗಿಗೂ ಕ್ಷೇಮ. ಆದರೆ ಯಂತ್ರವು ಮನುಷ್ಯನ ಮುಂದೆ ಕುಳಿತುಕೊಳ್ಳಲು ಸಿದ್ಧಗೊಳಿಸುತ್ತದೆಯೇ ಹೊರತು ಮನುಷ್ಯನ ಸ್ಥಾನವನ್ನು ತಾನೇ ತುಂಬಲಾರದು.

ಶುಲ್ಕ, ದೂರ, ಮನೆಯ ಪರಿಸ್ಥಿತಿ ಇವುಗಳನ್ನು ಮರೆತು ಆಯ್ಕೆ ಮಾಡಬೇಕೆಂದು ಇದರ ಅರ್ಥವಲ್ಲ. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರು ದೂರ. ಐದು ವರ್ಷ ಅಷ್ಟು ದೂರ ಮಗನನ್ನೋ ಮಗಳನ್ನೋ ಇರಿಸಿ ಓದಿಸುವುದು ಎಲ್ಲ ಕುಟುಂಬಗಳಿಗೂ ಸಾಧ್ಯವಾಗದು. ಹೊಲವನ್ನು ಒತ್ತೆಯಿಟ್ಟು ಶುಲ್ಕ ಕಟ್ಟುವುದು ಎಷ್ಟರಮಟ್ಟಿಗೆ ಉಚಿತವೆಂಬುದನ್ನೂ ವಿಚಾರಿಸಬೇಕು. ಆದರೆ ಶಕ್ತಿಗೆ ತಕ್ಕ ಎರಡು ಮೂರು ಕಾಲೇಜುಗಳು ಮುಂದಿರುವಾಗ ಅವುಗಳಲ್ಲಿ ಯಾವುದು ಮೇಲೆಂಬುದನ್ನು ಕಟ್ಟಡದ ಎತ್ತರದಿಂದ ನಿರ್ಧರಿಸದೆ ಹೊರರೋಗಿ ವಿಭಾಗದಿಂದ ನಿರ್ಧರಿಸುವುದು ಲೇಸು. ಅದು ದೂರದ ಮಹಾನಗರದಲ್ಲಿ ಸಿಕ್ಕಬಹುದು, ಹತ್ತಿರದ ಜಿಲ್ಲಾಕೇಂದ್ರದಲ್ಲಿಯೂ ಸಿಕ್ಕಬಹುದು. 1472ರಲ್ಲಿ ಮಹಮೂದ್ ಗಾವಾನನು ಕಟ್ಟಿಸಿದ ಮದರಸಾ ಇರುವ ಬೀದರು ಒಂದು ಕಾಲದಲ್ಲಿ ವಿದ್ಯೆಗಾಗಿ ಹೊರನಾಡಿನವರನ್ನೂ ಸೆಳೆದ ನಗರ. ವಿದ್ಯೆ ಯಾವಾಗಲೂ ದೂರದಲ್ಲಿಯೇ ಇರುತ್ತದೆಂಬ ಭ್ರಮೆಗೆ ಕಾರಣವಿಲ್ಲ; ಹತ್ತಿರದಲ್ಲಿದೆಯೆಂಬ ಮಾತ್ರಕ್ಕೆ ಸಾಲದು ಎಂಬುದೂ ಅಷ್ಟೇ ಸತ್ಯ.

ಇದನ್ನು ತಿಳಿಯುವ ಬಗೆ ಸುಲಭವಾದುದು. ಪ್ರವೇಶಕ್ಕೆ ಮುನ್ನ ಒಂದು ಸಾಮಾನ್ಯ ಕೆಲಸದ ದಿನ ಮುಂಜಾನೆ ಕಾಲೇಜಿಗೆ ಹೋಗಿ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಎರಡು ಗಂಟೆ ಕುಳಿತರೆ ಸಾಕು. ಚೀಟಿ ಮಾಡಿಸುವ ಸಾಲು ಎಷ್ಟು ಉದ್ದವಿದೆ, ಕುರ್ಚಿಗಳು ಬರಿದಾಗಿವೆಯೋ ತುಂಬಿವೆಯೋ, ಅಧ್ಯಾಪಕರು ವಿದ್ಯಾರ್ಥಿಗಳ ಬಳಿ ನಿಂತಿದ್ದಾರೋ ಇಲ್ಲವೋ, ಉಪಕರಣಗಳು ಪ್ರತಿ ರೋಗಿಗೂ ಕ್ರಿಮಿಶುದ್ಧವಾಗಿ ಬರುತ್ತಿವೆಯೋ ಇಲ್ಲವೋ ಎಂಬುದೆಲ್ಲ ಕಣ್ಣಿಗೆ ಕಾಣುತ್ತದೆ. ಬಳಿಕ ತರಬೇತಿಯ ವರ್ಷದಲ್ಲಿರುವ ಹಿರಿಯ ವಿದ್ಯಾರ್ಥಿಗಳನ್ನು ಕೇಳಬೇಕು: ನೀವು ಎಷ್ಟು ಬೇರುನಾಳದ ಚಿಕಿತ್ಸೆಗಳನ್ನು ಪೂರ್ಣಗೊಳಿಸಿದಿರಿ? ಎಷ್ಟು ದಂತಪಂಕ್ತಿಗಳನ್ನು ಮಾಡಿಕೊಟ್ಟಿರಿ? ಮಕ್ಕಳಿಗೆ ಚಿಕಿತ್ಸೆ ಮಾಡಿದ್ದೀರಾ? ಮಾಡಿದ ಕೆಲಸ ಕೆಟ್ಟಾಗ ರೋಗಿಯನ್ನು ಮರಳಿ ಕರೆಸಿ ಸರಿಪಡಿಸಿದ್ದುಂಟೆ? ಒಳ್ಳೆಯ ತರಬೇತಿ ಪಡೆದವನು ಈ ಪ್ರಶ್ನೆಗಳಿಗೆ ಹಿಂಜರಿಯದೆ ಉತ್ತರಿಸುತ್ತಾನೆ.

ಈ ವಿಚಾರದಲ್ಲಿ ಮರೆಯಬಾರದ ಮಾತೊಂದಿದೆ. ರೋಗಿಯ ಅನುಭವ ಬೇಕು, ರೋಗಿಗಳು ಬೇಕು ಎಂದು ಹೇಳುವಾಗ ರೋಗಿಯನ್ನು ಪ್ರಯೋಗದ ವಸ್ತುವೆಂದು ಭಾವಿಸುವ ಅಪಾಯವುಂಟು. ಕಾಲೇಜಿನ ಆಸ್ಪತ್ರೆಯಲ್ಲಿ ಚಿಕಿತ್ಸೆಯ ದರ ಕಡಿಮೆಯಿರಬಹುದು. ಆದರೆ ಅದು ಬಡವನಿಗೆ ಮಾಡಿದ ಉಪಕಾರ ಮಾತ್ರವಲ್ಲ. ಆತ ತನ್ನ ಬಾಯಿಯನ್ನು ವಿದ್ಯಾರ್ಥಿಯ ಕಲಿಕೆಗೆ ಒಪ್ಪಿಸಿ ಪ್ರತಿಯಾಗಿ ಏನನ್ನೋ ಕೊಡುತ್ತಿದ್ದಾನೆ. ತನಗೆ ಚಿಕಿತ್ಸೆ ಮಾಡುತ್ತಿರುವವನು ವಿದ್ಯಾರ್ಥಿಯೆಂದು ತಿಳಿಯುವ ಹಕ್ಕೂ ಬೇಡವೆನ್ನುವ ಹಕ್ಕೂ ಅವನಿಗುಂಟು. ಗುರುವಿಗೆ ಸಲ್ಲುವ ಗೌರವದ ಒಂದು ಪಾಲು ಅವನಿಗೂ ಸಲ್ಲಬೇಕು. ಲೆಕ್ಕ ಭರ್ತಿಮಾಡಲು ಬೇಡದ ಹಲ್ಲನ್ನು ಕಿತ್ತ ವಿದ್ಯಾರ್ಥಿ ಅಂಕಗಳನ್ನು ಗಳಿಸಿದರೂ ವಿದ್ಯೆಯನ್ನು ಗಳಿಸಿದಂತಾಗಲಿಲ್ಲ. ರೋಗಿಗಳನ್ನು ಹೆಸರಿಡಿದು ಕರೆಯುವ, ಅವರ ಅಂಜಿಕೆಯನ್ನು ತಾಳ್ಮೆಯಿಂದ ಕೇಳುವ ಕಾಲೇಜು ಉತ್ತಮ ವೈದ್ಯರನ್ನು ಸೃಷ್ಟಿಸುತ್ತದೆ. ಬೆಂಚಿನ ಮೇಲೆ ಕುಳಿತು ನೋಡಬೇಕಾದವುಗಳಲ್ಲಿ ಇದೂ ಒಂದು.

ಈ ಮಾತು ದಂತವೈದ್ಯಕ್ಕೆ ಮಾತ್ರ ಸಲ್ಲುವುದಲ್ಲ. ಶಿಕ್ಷಕನಾಗುವವನಿಗೆ ಮಕ್ಕಳು, ಕೃಷಿತಜ್ಞನಾಗುವವನಿಗೆ ಹೊಲ, ದಾದಿಯಾಗುವವಳಿಗೆ ರೋಗಿಯ ಹಾಸಿಗೆ, ಯಂತ್ರಶಿಲ್ಪಿಯಾಗುವವನಿಗೆ ಯಂತ್ರಾಗಾರ ಇವೇ ನಿಜವಾದ ಪಾಠಶಾಲೆಗಳು. ಯಾವುದೇ ವೃತ್ತಿವಿದ್ಯೆಯನ್ನು ಅರಸುವವರು ಆ ವಿದ್ಯೆ ಕೈಗೆ ಇಳಿಯುವ ಸ್ಥಳ ಯಾವುದೆಂದು ಮೊದಲು ವಿಚಾರಿಸುವುದು ಒಳಿತು. ವಿದ್ಯಾಲಯವನ್ನು ಆರಿಸಿಕೊಳ್ಳುವ ವಿದ್ಯಾರ್ಥಿ ತನ್ನ ಭವಿಷ್ಯವೊಂದನ್ನೇ ಆರಿಸಿಕೊಳ್ಳುತ್ತಿಲ್ಲ. ಇನ್ನೂ ಭೇಟಿಯಾಗದ, ಹೆಸರೂ ತಿಳಿಯದ ಸಾವಿರಾರು ಜನರ ಪಾಲಿಗೆ ಎಂಥ ವೈದ್ಯ ದೊರೆಯಬೇಕೆಂಬುದನ್ನೂ ಅವನು ಅಂದೇ ನಿರ್ಧರಿಸುತ್ತಾನೆ. ಹತ್ತು ವರ್ಷಗಳ ಅನಂತರ ಯಾವುದೋ ಹಳ್ಳಿಯ ಒಬ್ಬ ಮುದುಕಿ ನಂಬಿ ಬಾಯಿ ತೆರೆದಾಗ ಆಕೆ ಗೋಡೆಯ ಮೇಲಿನ ಪದವಿಪತ್ರದಲ್ಲಿ ಕಾಲೇಜಿನ ಹೆಸರನ್ನು ಓದಲಾರಳು. ಆದರೆ ಆ ಕಾಲೇಜು ಏನನ್ನು ಕಲಿಸಿದೆ ಎಂಬುದು ವೈದ್ಯನ ಕೈ ತಾಗಿದೊಡನೆ ಆಕೆಗೆ ತಿಳಿದುಹೋಗುತ್ತದೆ.